5 ವರ್ಷದ ಪಟ್ಟಿಯೋ, 20 ವರ್ಷದ ನಕ್ಷೆಯೋ: ಬೀದರಿನ ಬಡಾವಣೆ ಸಮಿತಿಗಳಿಗೆ

ಬಡಾವಣೆಯ ಸ್ವಯಂಸೇವಕರು ಯೋಜನೆ ಬರೆಯಲು ಕೂತರೆ ಮೊದಲ ತಕರಾರು ಅವಧಿಯದ್ದೇ. 5 ವರ್ಷದ ಪಟ್ಟಿ ಸಲೀಸು: ಚರಂಡಿ, ಬೀದಿದೀಪ, ರಸ್ತೆ. ಚುನಾಯಿತ ಸದಸ್ಯರ ಅವಧಿಯೂ ಅಷ್ಟೇ ಇರುವುದರಿಂದ ಯಾರನ್ನು ಕೇಳಬೇಕೆಂಬುದು ಸ್ಪಷ್ಟ. ಕೆಲಸ ಕಣ್ಣಿಗೆ ಕಂಡರೆ ಜನ ಸಭೆಗೂ ಬರುತ್ತಾರೆ.

ನೀರಿನ ಮಾತು ಬಂದಾಗ ಈ ಪಟ್ಟಿ ಸಾಲದು. ನೌಬಾದಿನ ಸುರಂಗ ಬಾವಿ ನೋಡಿ ಬನ್ನಿ. 15ನೇ ಶತಮಾನದಲ್ಲಿ, ಬಹಮನಿಗಳ ಕಾಲಕ್ಕೆ, ಜಂಬಿಟ್ಟಿಗೆ ಕಲ್ಲು ಕೊರೆದು ನೀರು ಇಳಿಜಾರಿನಲ್ಲೇ ಹರಿಯುವಂತೆ ಮಾಡಿದ ನೆಲದಡಿಯ ಕಾಲುವೆ ಅದು. ಗಾಳಿ ಬೆಳಕಿಗೆ, ಹೂಳೆತ್ತಲು ಮೇಲಿನಿಂದ ಸಾಲಾಗಿ ಬಾವಿಗಳಿವೆ. ಮಣ್ಣು, ಕಸ ತುಂಬಿದರೆ ಕೆಳಗಿನ ಹರಿವಿಗೇ ಕುತ್ತು. ಇಂಥದ್ದನ್ನು ಕಾಯಲು 20 ವರ್ಷದ ನಕ್ಷೆಯೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಾವು ಜಮಖಾನದ ಮೇಲೆ ನಕ್ಷೆ ಹಾಸಿದಾಗ ಹಿರಿಯರೊಬ್ಬರು ಒಂದು ಖಾಲಿ ನಿವೇಶನದ ಮೇಲೆ ಬೆರಳಿಟ್ಟು, "ಇಲ್ಲಿ ಬಾವಿ ಇತ್ರಿ, ನಾನೇ ನೀರು ಸೇದೀನಿ" ಅಂದರು. ಅಲ್ಲೊಂದು ಕೆಂಪು ಚುಕ್ಕೆ ಇಟ್ಟೆವು. ಅಂಥ ನೆನಪು 5 ವರ್ಷದ ಪಟ್ಟಿಯಲ್ಲಿ ಎಲ್ಲಿಯೂ ಸೇರುವುದಿಲ್ಲ.

ದೀರ್ಘ ಯೋಜನೆಯ ಕಷ್ಟವೆಂದರೆ ಜನ ದಣಿಯುತ್ತಾರೆ, ಊರು ಬಿಡುತ್ತಾರೆ. ಅದಕ್ಕೇ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಸಂಘ ಮಾಡಿಕೊಳ್ಳಿ. 7 ಜನ ಸಾಕು, ಕಾಗದಪತ್ರ ಒಬ್ಬರ ಮನೆಯ ಕಪಾಟಿನಲ್ಲಿ ಕಳೆದುಹೋಗುವುದಿಲ್ಲ. 1961ರ ನಗರ ಯೋಜನಾ ಕಾಯ್ದೆಯಂತೆ ಮಹಾಯೋಜನೆಯನ್ನು (ಊರಿನ ಯಾವ ಜಾಗ ಯಾವುದಕ್ಕೆ ಎಂದು ಹೇಳುವ ಮಾಸ್ಟರ್ ಪ್ಲಾನ್) 10 ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು. ಆಗ ಸಾರ್ವಜನಿಕರ ಸಲಹೆ ಕರೆಯುತ್ತಾರೆ. ಕೆಂಪು ಚುಕ್ಕೆಯ ನಕ್ಷೆ ಆ ದಿನಕ್ಕೆ ಸಿದ್ಧವಿರಲಿ.

ನಿಮ್ಮಲ್ಲಿ ಬರೀ ಚರಂಡಿಯ ಗೋಳಿದ್ದರೆ 5 ವರ್ಷದ ಪಟ್ಟಿ ಸಾಕು. ಹಳೆ ಬಾವಿ, ಕೆರೆ ಇದ್ದರೆ ನಕ್ಷೆಯನ್ನೇ ಮೊದಲು ಹಾಸಿ.