ಬೈಕ್ ನಿಂತ ತಿಂಗಳುಗಳಿಗೆ ಒಂದು ಮ್ಯಾಪ್: ಮಿಶೆಲಿನ್ ಕಾಗದದ ನಕ್ಷೆ, ವರ್ಷಗಟ್ಟಲೆ ಬಳಸಿದ ಮೇಲೆ

ಹಿಮ ಬಿದ್ದು ಬೈಕ್ ಹೊರಗೆ ತೆಗೆಯಲಾಗದ ತಿಂಗಳುಗಳು ಬರುತ್ತವಲ್ಲ, ಆಗ ನನ್ನ ಕೈಯಲ್ಲಿ ಇರುವುದು ಮಿಶೆಲಿನ್‌ನ ಫ್ರೆಂಚ್ ಆಲ್ಪ್ಸ್ ನಕ್ಷೆ. ಟೈರ್ ಮಾಡುವ ಅದೇ ಕಂಪನಿಯದು. ಅಳತೆ 1:2,00,000. ಅಂದರೆ ಕಾಗದದ ಮೇಲಿನ 1 ಸೆಂ.ಮೀ. ನೆಲದ ಮೇಲೆ 2 ಕಿ.ಮೀ. ಹಲವು ಚಳಿಗಾಲ ಇದನ್ನು ಬಿಡಿಸಿ ಮಡಿಸಿದ್ದೇನೆ. ಬೇಸಿಗೆಯ ಸವಾರಿಯ ಕನಸು ಕಾಣೋಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಇದರ ಜೀವ ಇರುವುದು ಸಣ್ಣ ಗುರುತುಗಳಲ್ಲಿ. ನೋಡಲು ಚೆಂದದ ರಸ್ತೆಗಳಿಗೆ ಹಸಿರು ಅಂಚು ಹಾಕಿರುತ್ತಾರೆ. ಬೈಕ್ ಸವಾರರು ಮೊದಲು ಹುಡುಕುವುದೇ ಇದನ್ನು. ಆಮೇಲೆ ಏರಿನ ಬಾಣಗಳು. ಒಂದು ಬಾಣ ಅಂದರೆ ಶೇ. 5ರಿಂದ 9ರ ಏರು, ಎರಡಾದರೆ 9ರಿಂದ 13, ಮೂರಾದರೆ ಅದಕ್ಕೂ ಕಡಿದು. ಬಾಣದ ಮೊನೆ ಏರುವ ದಿಕ್ಕಿಗೇ ಇರುತ್ತದೆ. ಹಾಗಾಗಿ ಒಂದು ಪಾಸನ್ನು, ಅಂದರೆ ಬೆಟ್ಟಸಾಲು ದಾಟುವ ಎತ್ತರದ ಕಣಿವೆದಾರಿಯನ್ನು, ಯಾವ ಕಡೆಯಿಂದ ಹತ್ತಬೇಕು, ಯಾವ ಕಡೆಗೆ ಇಳಿಯಬೇಕು ಅಂತ ಕೂತಲ್ಲೇ ಯೋಚಿಸಬಹುದು. ಎತ್ತರದ ಪಾಸ್‌ಗಳ ಪಕ್ಕದಲ್ಲಿ ಹಿಮದಿಂದ ರಸ್ತೆ ಮುಚ್ಚಿರುವ ತಿಂಗಳುಗಳನ್ನೂ ಅಂಕಿಯಲ್ಲಿ ಬರೆದಿರುತ್ತಾರೆ. 11-5 ಅಂತ ಇದ್ದರೆ ನವೆಂಬರ್‌ನಿಂದ ಮೇವರೆಗೆ ಆ ದಾರಿ ಇಲ್ಲ ಅಂತಲೇ ತಿಳಿಯಿರಿ.

ನಾನು ಜಾಸ್ತಿ ಹೊತ್ತು ಕಳೆಯುವುದು ರೂಟ್ ದೆ ಗ್ರಾಂಡ್ ಆಲ್ಪ್ ಮೇಲೆ. ಜಿನೀವಾ ಸರೋವರದ ದಡದ ತೊನೊಂನಿಂದ ಮೆಡಿಟರೇನಿಯನ್ ತೀರದ ಮಾಂತೊಂವರೆಗೆ, ಸುಮಾರು 700 ಕಿ.ಮೀ. ದಾರಿ. ಇದಕ್ಕೆ ಎರಡು ಹಾಳೆ ಬೇಕು. ಉತ್ತರದ ಹಾಳೆಯಲ್ಲಿ ವಾಲ್ ದಿಜೇರ್ ಊರು ದಾಟಿ ಇಸೆರಾನ್ ಪಾಸ್ ಹತ್ತುತ್ತೀರಿ, 2764 ಮೀಟರ್. ಈ ರಸ್ತೆ ತೆರೆದದ್ದು 1937ರಲ್ಲಿ. ಇಳಿದರೆ ಮೋರಿಯೆನ್ ಕಣಿವೆ, ಅಲ್ಲಿಂದ ತೆಲೆಗ್ರಾಫ್ ಪಾಸ್, ಮತ್ತೆ ಗಾಲಿಬಿಯೆ ಪಾಸ್. ಗಾಲಿಬಿಯೆಯ ನೆತ್ತಿ 2642 ಮೀಟರ್, ಅದರ ಕೆಳಗೆ ಬೆಟ್ಟ ಕೊರೆದ ಹಳೆಯ ಸುರಂಗ. ಸುರಂಗದಲ್ಲಿ ನುಗ್ಗಬೇಡಿ, ಮೇಲಿನ ದಾರಿ ಹಿಡಿಯಿರಿ. ಎರಡೂ ಬದಿಯ ಬೆಟ್ಟಸಾಲು ಒಟ್ಟಿಗೆ ಕಾಣುವುದು ಅಲ್ಲಿಂದ ಮಾತ್ರ.

ಗಾಲಿಬಿಯೆ ಇಳಿದರೆ ಎಂಟೊಂಬತ್ತು ಕಿ.ಮೀ.ನಲ್ಲೇ ಲೋತಾರೆ ಪಾಸ್, 2058 ಮೀಟರ್. ಗಾಲಿಬಿಯೆ ತಿಂಗಳುಗಟ್ಟಲೆ ಹಿಮದಡಿ ಮಲಗಿರುವಾಗ ಲೋತಾರೆಯನ್ನು ಚಳಿಗಾಲದಲ್ಲೂ ಸಾಧ್ಯವಾದಷ್ಟು ತೆರೆದಿಡುತ್ತಾರೆ. ಗ್ರೆನೋಬಲ್‌ನಿಂದ ಬ್ರಿಯಾನ್ಸೊಂಗೆ ಹೋಗುವ ಮುಖ್ಯ ರಸ್ತೆ ಅದೇ ಅಲ್ವಾ. ಮೊಬೈಲ್‌ನಲ್ಲಿ ಒಂದು ಪಾಸನ್ನು ದೊಡ್ಡದು ಮಾಡಿದರೆ ಪಕ್ಕದ್ದು ಪರದೆಯಿಂದ ಹೊರಗೆ ಹೋಗುತ್ತದೆ. ಹಾಳೆಯಲ್ಲಿ ಎರಡೂ ಕಣ್ಣಳತೆಯಲ್ಲೇ ಇರುತ್ತವೆ. ಒಂದು ಮುಚ್ಚಿದ್ದರೆ ಇನ್ನೊಂದು ದಾರಿ ಯಾವುದು ಅಂತ ಹುಡುಕಲೇ ಬೇಕಿಲ್ಲ.

ದಕ್ಷಿಣದ ಹಾಳೆಯಲ್ಲಿ ನನಗೆ ಇಷ್ಟ ಇಜೋಆರ್ ಪಾಸ್, 2360 ಮೀಟರ್. ಅದರ ದಕ್ಷಿಣ ಬದಿಯ ಕಾಸ್ ದೆಜೆರ್ತ್‌ನಲ್ಲಿ ಮರವೇ ಇಲ್ಲ, ಬರೀ ಜಾರುಗಲ್ಲಿನ ಇಳಿಜಾರು ಮತ್ತು ಅದರ ನಡುವೆ ಎದ್ದು ನಿಂತ ಬಂಡೆಗಳು. ಹಾಳೆಯಲ್ಲಿ ಇನ್ನೂ ಕೆಳಗೆ ಬೊನೆಟ್ ಪಾಸ್. ಇಸೆರಾನ್ ಎತ್ತರವೋ ಬೊನೆಟ್ ಎತ್ತರವೋ ಅನ್ನುವ ವಾದ ಸವಾರರಲ್ಲಿ ಮುಗಿಯುವುದೇ ಇಲ್ಲ. ಬೊನೆಟ್ ಪಾಸ್ ಇರುವುದು 2715 ಮೀಟರ್‌ನಲ್ಲಿ. ಅಲ್ಲಿಂದ ಶಿಖರ ಸುತ್ತುವ ರಸ್ತೆ 2802 ಮೀಟರ್ ಮುಟ್ಟುತ್ತದೆ. ಪಾಸ್ ಲೆಕ್ಕ ಹಿಡಿದರೆ ಇಸೆರಾನ್ ಮೇಲು, ರಸ್ತೆಯ ಲೆಕ್ಕ ಹಿಡಿದರೆ ಬೊನೆಟ್.

ಕಾಗದದ ನಕ್ಷೆ ಯಾರದ್ದೇ ಆಗಲಿ, ಕೆಲವು ಮಿತಿಗಳು ಇದ್ದೇ ಇರುತ್ತವೆ. ಮಡಿಕೆಗಳು ಸೇರುವ ಮೂಲೆ ಮೊದಲು ಹರಿಯುತ್ತದೆ. ಹಿಂದಿನಿಂದ ಪಾರದರ್ಶಕ ಟೇಪ್ ಮೊದಲೇ ಅಂಟಿಸಿಬಿಡಿ. ಈ ಅಳತೆಯಲ್ಲಿ ಹೇರ್‌ಪಿನ್ ತಿರುವುಗಳನ್ನು ಎಣಿಸಲಾಗದು. ಆಲ್ಪ್ ದ್ಯುಯೆಜ್ ಊರಿಗೆ ಹತ್ತುವ ರಸ್ತೆಯ 21 ತಿರುವುಗಳೂ ಇಲ್ಲಿ ಒಂದಿಷ್ಟು ಅಂಕುಡೊಂಕು ಅಷ್ಟೇ. ಡಾಂಬರು ಹೇಗಿದೆ, ಕೆಲಸ ನಡೀತಿದೆಯಾ, ಈ ವರ್ಷ ಪಾಸ್ ಯಾವ ದಿನ ತೆರೆಯುತ್ತದೆ, ಇದ್ಯಾವುದೂ ಕಾಗದಕ್ಕೆ ಗೊತ್ತಾಗದು. ಹೊರಡುವ ವಾರ ಸ್ಥಳೀಯ ರಸ್ತೆ ಇಲಾಖೆಯ ಮಾಹಿತಿ ನೋಡಲೇಬೇಕು. ಹೊಸ ನಿಯಮಗಳೂ ಹಾಗೆಯೇ. ಆಸ್ಟ್ರಿಯಾದ ಟಿರೋಲ್‌ನಲ್ಲಿ 2020ರಿಂದ ಕೆಲವು ಚೆಂದದ ರಸ್ತೆಗಳಲ್ಲಿ 95 ಡೆಸಿಬೆಲ್‌ಗಿಂತ ಜಾಸ್ತಿ ಸದ್ದಿನ ಬೈಕ್‌ಗಳನ್ನು ಬೇಸಿಗೆಯಲ್ಲಿ ತಡೆಯುತ್ತಾರೆ. ಇಂಥದ್ದನ್ನು ಹಸಿರು ಅಂಚು ಹೇಳುವುದಿಲ್ಲ.

ಸವಾರಿ ಮಾಡುತ್ತಾ ದಾರಿ ಕೇಳುವುದಕ್ಕೆ ಮಾತ್ರ ಬೇಕಿದ್ದರೆ ಇದು ಬೇಡ, ಅದಕ್ಕೆ ಮೊಬೈಲೇ ಸರಿ. ದಾರಿ ಆರಿಸುವುದರಲ್ಲೇ ಖುಷಿ ಪಡುವವರು ಸುಮ್ನೆ ಯೋಚಿಸದೆ ತಗೊಳ್ಳಿ. ಕೊಳ್ಳುವಾಗ ಆವೃತ್ತಿಯ ವರ್ಷ ಒಮ್ಮೆ ನೋಡಿ. ಫ್ರಾನ್ಸ್‌ನಲ್ಲಿ 2006ರ ಹೊತ್ತಿಗೆ ಬಹಳಷ್ಟು ರಾಷ್ಟ್ರೀಯ ರಸ್ತೆಗಳು ಜಿಲ್ಲಾಡಳಿತಗಳಿಗೆ ಹೋಗಿ ಅವುಗಳ ಸಂಖ್ಯೆ ಬದಲಾಯಿತು. ಲೋತಾರೆ ಹತ್ತುವ ಹಳೆಯ ಎನ್ 91 ಈಗ ಡಿ 1091. ಹಳೆಯ ಹಾಳೆ ಹಿಡಿದು ಹೋದರೆ ಬೋರ್ಡ್‌ಗಳಲ್ಲಿ ಆ ಸಂಖ್ಯೆ ಸಿಗುವುದಿಲ್ಲ.