ಕೈಗೆ ಕಡ್ಡಿ ಕೊಟ್ಟು ಕುತ್ತಿಗೆ ನೋವು ‘ಪತ್ತೆ’ ಮಾಡುವವರ ಹತ್ತಿರ ಹೋಗಬೇಡಿ (ಕಲಬುರಗಿ)

ಮೊದಲೇ ಹೇಳಿಬಿಡುತ್ತೇನೆ. 28,200 ರೂಪಾಯಿ ಹೋಯಿತು. ಬರೆಯಲು ನಾಚಿಕೆ ಆಗುತ್ತಿದೆ. ಅತ್ತೆಗೆ ಇನ್ನೂ ಪೂರ್ತಿ ಲೆಕ್ಕ ಹೇಳಿಲ್ಲ. ಆದರೆ ಮೊನ್ನೆ ಹಾಲಿನ ಅಂಗಡಿ ಹತ್ತಿರ ಒಬ್ಬರು ಅದೇ ಪಾಂಪ್ಲೆಟ್ ಕೈಯಲ್ಲಿ ಹಿಡಿದು ನಿಂತಿದ್ದರು. ಅವರನ್ನು ನೋಡಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ನಾನು ಮನೆಯಲ್ಲೇ ಜಂಪರ್ ಹೊಲಿಯುತ್ತೇನೆ. ಫಾಲ್, ಪಿಕೋ ಕೂಡ ಮಾಡುತ್ತೇನೆ. ಹದಿನಾಲ್ಕು ವರ್ಷ ಆಯಿತು. ಮದುವೆ ಸೀಸನ್ ಬಂದರೆ ರಾತ್ರಿ ಹನ್ನೆರಡರ ತನಕ ಮಷಿನ್ ಮುಂದೆ ಬಗ್ಗಿ ಕೂರುವುದು. ಮೂರು ವರ್ಷದ ಹಿಂದೆ ಕುತ್ತಿಗೆ ಹಿಡಿದುಕೊಳ್ಳಲು ಶುರುವಾಯಿತು. ಆಮೇಲೆ ಹಿಂದಲೆಯಿಂದ ಕಣ್ಣಿನ ತನಕ ನೋವು. ಆಮೇಲೆ ಬೆನ್ನು. ಎಕ್ಸ್‌ರೇ ಆಯಿತು, ರಕ್ತ ಪರೀಕ್ಷೆ ಆಯಿತು, ಎಲ್ಲರೂ ಹೋಗುವಂತೆ ಸೊಲ್ಲಾಪುರಕ್ಕೂ ಹೋಗಿ ಎಂಆರ್‌ಐ ಮಾಡಿಸಿದ್ದಾಯಿತು. ಎಲ್ಲ ಕಡೆ ಒಂದೇ ಮಾತು: “ಎಲ್ಲಾ ನಾರ್ಮಲ್ ಅದ ರೀ, ಟೆನ್ಶನ್ ತಗೋಬ್ಯಾಡ್ರಿ.”

ನೋವು ಇರುವವರಿಗೆ ಈ ಮಾತು ಎಷ್ಟು ತ್ರಾಸು ಕೊಡುತ್ತದೆ ಗೊತ್ತಲ್ವಾ? ರಿಪೋರ್ಟ್ ನಾರ್ಮಲ್ ಅಂದ ದಿನದಿಂದ ಮನೆಯವರು ನೋಡುವ ರೀತಿಯೇ ಬೇರೆ ಆಗುತ್ತದೆ. ಕೆಲಸ ತಪ್ಪಿಸಲು ನೆಪ ಹೇಳುತ್ತಾಳೆ ಅಂತ ಬಾಯಿ ಬಿಟ್ಟು ಹೇಳುವುದಿಲ್ಲ, ಅಷ್ಟೇ. ನಾನು ಮೆಡಿಕಲ್ ಶಾಪಿನ ಗುಳಿಗೆ ನುಂಗಿ ನುಂಗಿ ಮಷಿನ್ ತುಳಿಯುತ್ತಿದ್ದೆ. ಶರಣಬಸವೇಶ್ವರನಿಗೆ ಹರಕೆ ಕೂಡ ಹೊತ್ತಿದ್ದೆ.

ಅಂಥ ಹೊತ್ತಿನಲ್ಲಿ ಪೇಪರ್ ಒಳಗೆ ಆ ಪಾಂಪ್ಲೆಟ್ ಬಂತು. ಕುತ್ತಿಗೆ, ತಲೆ, ಬೆನ್ನು ನೋವು, ಆಪರೇಶನ್ ಇಲ್ಲದೆ ಗ್ಯಾರಂಟಿ ಪರಿಹಾರ. ಸೂಪರ್ ಮಾರ್ಕೆಟ್ ಕಡೆ, ಮಹಡಿ ಮೇಲೆ. ಹೆಸರು ಬರೆಯುವುದಿಲ್ಲ. ಇಂಥವು ಒಂದೇ ಇಲ್ಲ, ಹೆಸರೂ ಆಗಾಗ ಬದಲಾಗುತ್ತದೆ.

ಒಳಗೆ ಬಿಳಿ ಕೋಟು ಹಾಕಿದ ಒಬ್ಬ ‘ಸರ್’. ವಯಸ್ಸು, ಎತ್ತರ, ತೂಕ ಕೇಳಿ ಲ್ಯಾಪ್‌ಟಾಪ್‌ಗೆ ಹಾಕಿದ. ವೈರ್ ಇರುವ ಒಂದು ಲೋಹದ ಕಡ್ಡಿ ಕೈಗೆ ಕೊಟ್ಟು ಗಟ್ಟಿಯಾಗಿ ಹಿಡಿಯಲು ಹೇಳಿದ. ಒಂದು ನಿಮಿಷ ಆಗಿರಬೇಕು. ಬಣ್ಣಬಣ್ಣದ ರಿಪೋರ್ಟ್ ಬಂತು, ಮೂವತ್ತು ಪುಟ. ಅದಕ್ಕೆ 300 ರೂಪಾಯಿ.

“ಅಕ್ಕಾರೆ, ನಿಮ್ಮ ಕುತ್ತಿಗ್ಯಾಗ ನರ ಸಿಕ್ಕೊಂಡದ. 72 ಪರ್ಸೆಂಟ್. ಇದು ಎಂಆರ್‌ಐನಾಗ ಕಾಣಂಗಿಲ್ಲ. ಇಷ್ಟು ನೋವು ಹ್ಯಾಂಗ ತಡಕೊಂಡ್ರಿ ನೀವು?”

ಅಲ್ಲೇ ಅತ್ತುಬಿಟ್ಟೆ. ಮೂರು ವರ್ಷದಲ್ಲಿ ಮೊದಲ ಸಲ ಒಬ್ಬರು ನನ್ನ ನೋವು ಇದೆ ಅಂದಿದ್ದರು. ಅವನು ಏನೂ ಮಾಡುವ ಮೊದಲೇ ನಾನು ದುಡ್ಡು ಕೊಡಲು ತಯಾರಾಗಿದ್ದೆ.

15 ಸಿಟ್ಟಿಂಗ್ ಪ್ಯಾಕೇಜ್ 24,000 ಅಂದ. ಅಷ್ಟು ಇಲ್ಲ ಅಂದೆ. “ಎಷ್ಟು ಹೊಂದಿಸ್ತೀರಿ?” ಅಂತ ಕೇಳಿದ. ಗೃಹಲಕ್ಷ್ಮಿ ದುಡ್ಡು ಒಂಬತ್ತು ಕಂತು ಮುಟ್ಟದೆ ಇಟ್ಟಿದ್ದೆ, 18,000. ಅದನ್ನೇ ಹೇಳಿದೆ. “ಆಯ್ತು, ತಂಗಿ ಅಂತ ತಿಳ್ಕೊಂಡು ಮಾಡ್ತೀನಿ” ಅಂದ. ಸರಿಯಾಗಿ 18,000ಕ್ಕೆ ಇಳಿಸಿದ! ನನ್ನ ಹತ್ತಿರ ಎಷ್ಟಿತ್ತೋ ಅಷ್ಟೇ. ಆಗ ಹೊಳೆಯಲಿಲ್ಲ. ಮೇಲೆ ಬೆಲ್ಟ್ 4,500. ತಿಂಗಳಿಗೆ ಒಂದು ಬಿಳಿ ಡಬ್ಬಿ ಪುಡಿ, 1,800, ಮೂರು ತಿಂಗಳು. ಬಿಲ್ ಕೇಳಿದರೆ ವಿಸಿಟಿಂಗ್ ಕಾರ್ಡಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆದುಕೊಟ್ಟ.

ಸಿಟ್ಟಿಂಗ್ ಅಂದರೆ ಬೆನ್ನಿಗೆ ಗುಂಯ್ ಅನ್ನುವ ಒಂದು ಮಷಿನ್ ಇಡುವುದು, ಕೊನೆಗೆ ತಲೆ ಹಿಡಿದು ಕುತ್ತಿಗೆಯನ್ನು ಜೋರಾಗಿ ತಿರುಗಿಸುವುದು. ಟಕ್ ಅನ್ನುತ್ತಿತ್ತು. ಒಂದು ರಾತ್ರಿ ತಲೆ ಸುತ್ತಿ ಗೋಡೆ ಹಿಡಿದು ನಡೆದೆ. “ನರ ಬಿಚ್ಚಿಕೊಳ್ಳಕತ್ತ್ಯದ, ಒಳ್ಳೇದೇ ಆತು” ಅಂದ.

ಆದರೆ ಪುಡಿ ಶುರು ಮಾಡಿದ ಹತ್ತು ದಿನಕ್ಕೆ ನೋವು ನಿಜವಾಗಲೂ ಕಡಿಮೆ ಆಯಿತು. ಸುಳ್ಳು ಹೇಳುವುದಿಲ್ಲ, ಮೈ ಹಗುರ ಆಯಿತು, ಹಸಿವು ಜಾಸ್ತಿ ಆಯಿತು. ಖುಷಿಯಲ್ಲಿ ಐದಾರು ಮಂದಿಗೆ ಹೇಳಿದೆ. ನಮ್ಮ ಓಣಿಯ ಅಕ್ಕನನ್ನು ನಾನೇ ಕೈ ಹಿಡಿದು ಕರೆದುಕೊಂಡು ಹೋದೆ. ಅವರು 9,000 ಕಟ್ಟಿದರು. ನನ್ನ ದುಡ್ಡು ಹೋಗಿದ್ದಕ್ಕಿಂತ ಇದು ಜಾಸ್ತಿ ಸುಡುತ್ತದೆ.

ಹನ್ನೊಂದನೇ ಸಿಟ್ಟಿಂಗ್ ದಿನ ಮತ್ತೆ ಚೆಕಿಂಗ್ ಅಂದರು. ಕಡ್ಡಿ ಹಿಡಿದು ಕೂತೆ. ಅವನು ಹೊರಗೆ ಯಾರ ಹತ್ತಿರವೋ ಮಾತಾಡಲು ಹೋದ. ಅಷ್ಟರಲ್ಲಿ ಮಗಳ ಫೋನ್ ಬಂತು. ಕಡ್ಡಿ ಟೇಬಲ್ ಮೇಲೆ ಇಟ್ಟು ಫೋನ್ ತೆಗೆದೆ. ಮಾತಾಡುತ್ತಾ ಲ್ಯಾಪ್‌ಟಾಪ್ ನೋಡಿದೆ. ಮಷಿನ್ ನಿಂತಿಲ್ಲ. ಹಸಿರು ಗೆರೆ ಓಡುತ್ತಲೇ ಇದೆ. ಹೃದಯ ಆಯಿತು, ಲಿವರ್ ಆಯಿತು, ಎಲುಬು ಆಯಿತು. ನನ್ನ ಕೈಯಲ್ಲಿ ಕಡ್ಡಿಯೇ ಇಲ್ಲ! ಕಡ್ಡಿ ಟೇಬಲ್ ಮೇಲೆ ಬಿದ್ದಿದೆ, ಪಕ್ಕದಲ್ಲಿ ನೀರಿನ ಬಾಟಲಿ ಇದೆ, ಮಷಿನ್ ಮಾತ್ರ ನನ್ನ ಮೂಳೆ ಎಣಿಸುತ್ತಿದೆ. ರಿಪೋರ್ಟ್ ಬಂದೇ ಬಂತು. ನರ 72ರಿಂದ 48ಕ್ಕೆ ಇಳಿದಿದೆಯಂತೆ.

ಕಿವಿ ಬಿಸಿಯಾಯಿತು. ನಾನು ಅತ್ತದ್ದು ಇದೇ ಕಾಗದ ನೋಡಿ ಅಲ್ವಾ?

“ಸರ್, ನಾ ಕಡ್ಡಿ ಹಿಡದೇ ಇಲ್ಲ” ಅಂದೆ.

“ಮೊದಲು ಹಿಡದಿದ್ರಲ್ಲ, ನಿಮ್ಮ ತರಂಗ ಮಷಿನ್‌ನಾಗ ಇರ್ತದ.”

“ಮತ್ತ ಇದು ನಂದೇ ರಿಪೋರ್ಟ್ ಅಂತ ಹ್ಯಾಂಗ ಹೇಳ್ತೀರಿ?”

“ನೋಡ್ರಿ ಅಕ್ಕಾರೆ, ನಂಬಿಕಿ ಇಲ್ಲಾಂದ್ರ ಯಾವ ಔಷಧಿನೂ ಹತ್ತಂಗಿಲ್ಲ.”

ನಂಬಿಕೆ ಇಟ್ಟಿದ್ದಕ್ಕೇ ಅಲ್ವಾ ದುಡ್ಡು ಕೊಟ್ಟಿದ್ದು? ಅಲ್ಲಿ ಕೂತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಜಗಳ ಮಾಡಲು ಬಾಯಿ ಬರಲಿಲ್ಲ. ಎದ್ದು ಬಂದೆ.

ಅಷ್ಟರಲ್ಲಿ ಮುಖ ಊದಿತ್ತು. ಎಲ್ಲರೂ ಮೈ ತುಂಬಿದೆ ಅನ್ನುತ್ತಿದ್ದರು. ಜಿಮ್ಸ್ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಮುಖ ನೋಡಿದ ತಕ್ಷಣ ಕೇಳಿದ ಮೊದಲ ಪ್ರಶ್ನೆ, “ಏನರ ಪುಡಿ ತಗೊಳ್ಳಾಕತ್ತೀರೇನು?” ಬಿಪಿ ಏರಿತ್ತು, ಸಕ್ಕರೆ ಕೂಡ ಏರಿತ್ತು. ಪುಡಿಯಲ್ಲಿ ಸ್ಟಿರಾಯ್ಡ್ ಬೆರೆಸಿರುವ ಅನುಮಾನ ಜಾಸ್ತಿ ಇದೆ ಅಂದರು. ನೋವು ಬೇಗ ಇಳಿಯುವುದು, ಹಸಿವು ಏರುವುದು, ಮುಖ ಊದುವುದು ಎಲ್ಲ ಅದರದ್ದೇ ಗುಣವಂತೆ. ಬಚ್ಚಲಿಗೆ ಸುರಿದುಬಿಡುತ್ತೇನೆ ಅಂದರೆ ತಡೆದರು. ದಿನಾ ಸ್ಟಿರಾಯ್ಡ್ ಸಿಕ್ಕರೆ ದೇಹ ತಾನು ತಯಾರಿಸುವುದನ್ನು ಕಡಿಮೆ ಮಾಡುತ್ತದಂತೆ. ತಿಂಗಳುಗಟ್ಟಲೆ ತಿಂದು ಒಮ್ಮೆಲೇ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ಪುಡಿ ಬಿಡಿಸಿ, ಅಳತೆ ಗೊತ್ತಿರುವ ಗುಳಿಗೆ ಕೊಟ್ಟು ಸ್ವಲ್ಪ ಸ್ವಲ್ಪ ಇಳಿಸಿದರು. ಕುತ್ತಿಗೆ ತಿರುಗಿಸಿದ್ದಕ್ಕಂತೂ ಬೈದರು. ಮೆದುಳಿಗೆ ಹೋಗುವ ರಕ್ತನಾಳ ಕುತ್ತಿಗೆಯಲ್ಲೇ ಇದೆ, ಅದು ಹರಿದರೆ ಲಕ್ವ ಹೊಡೆಯಬಹುದು ಅಂದರು.

ತಲೆನೋವಿನ ಬಗ್ಗೆ ಅವರು ಹೇಳಿದ್ದನ್ನು ಯಾರೂ ಹೇಳಿರಲಿಲ್ಲ. ತಲೆನೋವು ಇರುವವರು ತಿಂಗಳಲ್ಲಿ 15 ದಿನ ಅಥವಾ ಜಾಸ್ತಿ ದಿನ, ಮೂರು ತಿಂಗಳಿಗೂ ಮೇಲೆ ನೋವಿನ ಗುಳಿಗೆ ತಿಂದರೆ ಆ ಗುಳಿಗೆಯಿಂದಲೇ ದಿನಾ ತಲೆ ನೋಯುತ್ತದಂತೆ. ಎಂಆರ್‌ಐ ನಾರ್ಮಲ್ ಅಂದರೆ ನೋವಿಲ್ಲ ಅಂತ ಅರ್ಥ ಅಲ್ಲ, ಸ್ನಾಯುವಿನ ನೋವು ಚಿತ್ರದಲ್ಲಿ ಕಾಣುವುದಿಲ್ಲ ಅಂತಲೂ ಹೇಳಿದರು. ಈ ಒಂದು ಮಾತು ಮೂರು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನಾನು ಆ ಮಹಡಿ ಹತ್ತುತ್ತಿರಲಿಲ್ಲ. ಈಗ ಮಷಿನ್ ಟೇಬಲ್ ಎತ್ತರ ಮಾಡಿಸಿದ್ದೇನೆ, ಅರ್ಧ ಗಂಟೆಗೊಮ್ಮೆ ಏಳುತ್ತೇನೆ, ವ್ಯಾಯಾಮ ಮಾಡುತ್ತೇನೆ. ನೋವು ಪೂರ್ತಿ ಹೋಗಿಲ್ಲ. ದಿನಾ ಗುಳಿಗೆ ಮಾತ್ರ ನಿಂತಿದೆ.

ಉಳಿದ ನಾಲ್ಕು ಸಿಟ್ಟಿಂಗ್ ದುಡ್ಡಾದರೂ ಕೊಡಿ ಅಂತ ವಾಟ್ಸಾಪ್ ಮಾಡಿದೆ. ಬಂದ ಉತ್ತರ: “ನಾವು ಡಾಕ್ಟರ್ ಅಂತ ಎಲ್ಲಿ ಹೇಳೀವಿ? ಬೋರ್ಡ್ ನೋಡ್ರಿ, ವೆಲ್‌ನೆಸ್ ಅಂತ ಅದ.” ಗ್ಯಾರಂಟಿ ಅಂತ ಪಾಂಪ್ಲೆಟ್‌ನಲ್ಲಿ ಇದೆಯಲ್ಲ ಅಂದೆ. “ಗ್ಯಾರಂಟಿ ಪೂರಾ ಕೋರ್ಸ್ ಮಾಡಿದವರಿಗೆ.” ಪುಡಿಯಲ್ಲಿ ಏನು ಹಾಕುತ್ತೀರಿ ಅಂತ ಕೇಳಿದೆ. ಎರಡು ನೀಲಿ ಗೆರೆ ಬಂತು. ಆಮೇಲೆ ಬ್ಲಾಕ್.

ನೀವು ದಯವಿಟ್ಟು ಇಷ್ಟು ಮಾಡಿ. ಕಾಯಿಲೆ ಪತ್ತೆ ಮಾಡುವ, ಚಿಕಿತ್ಸೆ ಕೊಡುವ ಖಾಸಗಿ ಜಾಗ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ, 2007ರ ಪ್ರಕಾರ ನೋಂದಣಿ ಮಾಡಿಸಿರಬೇಕು. ಆ ಪ್ರಮಾಣಪತ್ರ ತೋರಿಸಿ ಅನ್ನಿ. ತೋರಿಸದಿದ್ದರೆ ಎದ್ದು ಬನ್ನಿ. ಹೆಸರು, ಅಂಶ ಬರೆಯದ ಪುಡಿ ಬಾಯಿಗೆ ಹಾಕಬೇಡಿ. ಕೈಕಾಲು ಜೋಮು ಹಿಡಿದರೆ, ಬಲ ಕಡಿಮೆಯಾದರೆ, ಮೂತ್ರ ಹಿಡಿತ ತಪ್ಪಿದರೆ ಇಂಥ ಕಡೆ ಒಂದು ದಿನವೂ ಕಳೆಯಬೇಡಿ, ನೇರವಾಗಿ ಆಸ್ಪತ್ರೆಗೆ ಹೋಗಿ. ದುಡ್ಡು ಎಷ್ಟಿದೆ ಅಂತ ಮಾತ್ರ ಯಾರಿಗೂ ಹೇಳಬೇಡಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಎರಡು ವರ್ಷದೊಳಗೆ ಕೇಸ್ ಹಾಕಬಹುದು, ಕೊಟ್ಟ ದುಡ್ಡು 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ. ನನ್ನ ಹತ್ತಿರ ಪೆನ್ಸಿಲ್‌ನಲ್ಲಿ ಬರೆದ ಕಾರ್ಡ್ ಇದೆ, ಎರಡು ರಿಪೋರ್ಟ್ ಇವೆ, ಮೂರನೇ ಡಬ್ಬಿಯಲ್ಲಿ ಸ್ವಲ್ಪ ಪುಡಿ ಉಳಿದಿದೆ. ಆ ಬಿಳಿ ಡಬ್ಬಿ ನಿಮ್ಮ ಮನೆಯಲ್ಲೂ ಇದ್ದರೆ ಬಿಸಾಡಬೇಡಿ. ಸೋಮವಾರ ಬೆಳಿಗ್ಗೆ ನಾನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ದೂರು ಕೊಡಲು ಹೋಗುತ್ತಿದ್ದೇನೆ. ಓಣಿಯ ಅಕ್ಕ ನನ್ನ ಜೊತೆ ಸರಿಯಾಗಿ ಮಾತಾಡಿ ಒಂದು ತಿಂಗಳಾಯಿತು. ಆದರೂ ನಿನ್ನೆ ತಮ್ಮ ಡಬ್ಬಿ ತಂದುಕೊಟ್ಟು, “ನಾನೂ ಬರ್ತೀನಿ” ಅಂದಿದ್ದಾರೆ.