ಬೆಳಗ್ಗೆ ಒಂದೇ ಸಲವೋ, ಎರಡು ಹೊತ್ತೋ? ನಮ್ಮ ಚಿನ್ನಿಯ ಗುಳಿಗೆ ಮತ್ತು ನೀರಿನ ಲೆಕ್ಕ

ನಮ್ಮ ನಾಯಿ ಚಿನ್ನಿ ಕೊಟ್ಟಿಗೆಯ ಮರಿಗೆಗೆ ಮೂತಿ ಹಾಕಿ ಅಕ್ಕಚ್ಚು ಕುಡಿಯುತ್ತಿದ್ದದ್ದನ್ನು ಮೊದಲು ನೋಡಿದ್ದು ನಮ್ಮ ಅತ್ತೆ. "ಇದಕ್ಕೇನು ಬಂತೇ, ದನದ ಪಾಲಿಗೂ ಬಂತಲ್ಲ!" ಎಂದು ಕೂಗಿದರು. ನಾನು ನಕ್ಕು ಸುಮ್ಮನಾದೆ. ಆಮೇಲೆ ನೋಡಿದರೆ ಬಚ್ಚಲಿನ ಬಕೆಟ್ಟು, ತುಳಸಿಕಟ್ಟೆಯ ತಂಬಿಗೆ, ಎಲ್ಲದಕ್ಕೂ ಅವಳದೇ ಬಾಯಿ.

ಚಿನ್ನಿ ಡ್ಯಾಶ್‌ಹಂಡ್ ಜಾತಿ. ಹನ್ನೊಂದು ವರ್ಷ, ಒಂಬತ್ತು ಕೆಜಿ. ನಾವಿರುವುದು ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಮನೆಯಲ್ಲಿ. ಹೊಟ್ಟೆ ಜೋತುಬಿದ್ದಿತ್ತು, ಪಕ್ಕೆಯ ಕೂದಲು ಉದುರಿತ್ತು, ಮಲಗಿದಲ್ಲೇ ತೇಕುತ್ತಿದ್ದಳು. ಊಟ ಮಾತ್ರ ಬಕಾಸುರನ ಹಾಗೆ. ಇಷ್ಟು ಚೆನ್ನಾಗಿ ತಿನ್ನುವ ನಾಯಿಗೆ ಕಾಯಿಲೆ ಇದೆ ಅಂತ ಯಾರು ಅಂದುಕೊಳ್ಳುತ್ತಾರೆ, ಅಲ್ವಾ? ವಯಸ್ಸಾಯ್ತು ಅಂದುಕೊಂಡೆವು. ಅಲ್ಲೇ ಮೂರ್ನಾಲ್ಕು ತಿಂಗಳು ಕಳೆದುಹೋಯಿತು.

ಕಳೆದ ಏಪ್ರಿಲ್‌ನಲ್ಲಿ ಶಿವಮೊಗ್ಗದಲ್ಲಿ ಪರೀಕ್ಷೆ ಆಯಿತು. ಮೊದಲು ಒಂದು ಸಲ ರಕ್ತ ತೆಗೆದು, ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು; ಇಂಜೆಕ್ಷನ್ ಆಗಿ ನಾಲ್ಕು ಗಂಟೆಯಾದ ಮೇಲೆ ಒಂದು ಸಲ, ಎಂಟು ಗಂಟೆಯಾದ ಮೇಲೆ ಒಂದು ಸಲ ಮತ್ತೆ ರಕ್ತ ತೆಗೆದರು. ಕುಶಿಂಗ್ಸ್ ಅನ್ನೋ ಕಾಯಿಲೆ ಎಂದು ಗೊತ್ತಾಯಿತು. ಇದರಲ್ಲಿ ಮೂತ್ರಪಿಂಡದ ಪಕ್ಕದಲ್ಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಅನ್ನೋ ಹಾರ್ಮೋನನ್ನು ಬೇಕಾದ್ದಕ್ಕಿಂತ ಜಾಸ್ತಿ ಸುರಿಯುತ್ತವೆ. ನೂರರಲ್ಲಿ 80-85 ನಾಯಿಗಳಿಗೆ ಇದರ ಮೂಲ ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯ ಸಣ್ಣ ಗಡ್ಡೆ. ಉಳಿದವಕ್ಕೆ ಅಡ್ರಿನಲ್‌ನಲ್ಲೇ ಗಡ್ಡೆ. ನಮ್ಮವಳದ್ದು ಮೊದಲನೆಯ ಗುಂಪು. ಡಾಕ್ಟರು ಟ್ರೈಲೊಸ್ಟೇನ್ ಬರೆದುಕೊಟ್ಟರು. ಅದು ಗಡ್ಡೆಯನ್ನು ಮುಟ್ಟುವುದಿಲ್ಲ, ಕಾರ್ಟಿಸಾಲ್ ತಯಾರಾಗುವುದನ್ನು ತಡೆಯುತ್ತದೆ, ಅಷ್ಟೇ. ಹಾಗಾಗಿ ಇರುವಷ್ಟು ದಿನ ಕೊಡಬೇಕು. ಮೈಟೋಟೇನ್ ಅಂತ ಇನ್ನೊಂದು ಹಳೆಯ ಔಷಧವಿದೆ, ಅದು ಅಡ್ರಿನಲ್‌ನ ಹೊರಪದರವನ್ನೇ ಕೊಲ್ಲುತ್ತದೆ. ಡಾಕ್ಟರು ಅದರ ಹೆಸರು ಹೇಳಿ ಪಕ್ಕಕ್ಕಿಟ್ಟರು.

ಔಷಧ ಯಾವುದು ಅನ್ನೋ ತಲೆಬಿಸಿ ನಮಗಿರಲಿಲ್ಲ. ತಲೆಬಿಸಿ ಆದದ್ದು ಹೊತ್ತಿನದು. ಬೆಳಗ್ಗೆ ಒಂದೇ ಸಲ ಕೊಡುವುದನ್ನೂ ಮಾಡಿ ನೋಡಿದ್ದೇನೆ, ಎರಡು ಹೊತ್ತು ಕೊಡುವುದನ್ನೂ ಮಾಡಿ ನೋಡಿದ್ದೇನೆ.

ಯಾವುದು ವಾಸಿ ಅಂತ ಹೇಳಬೇಕಾದರೆ ಅಳತೆ ಬೇಕಲ್ಲ. ನಮ್ಮ ಅಳತೆ ನೀರು. ನಾಯಿ ದಿನಕ್ಕೆ ಕೆಜಿಗೆ 50 ಮಿಲಿ ಸುಮಾರು ಕುಡಿದರೆ ಸರಿ, 100 ಮಿಲಿ ದಾಟಿತು ಅಂದರೆ ಏನೋ ಎಡವಟ್ಟಾಗಿದೆ ಅಂತ ಲೆಕ್ಕ. ಚಿನ್ನಿಗೆ 450 ಮಿಲಿ ಸಾಕಿತ್ತು, ಕುಡಿಯುತ್ತಿದ್ದದ್ದು 1400. ನಾನು ಕ್ಯಾಲೆಂಡರಿನ ಪ್ರತಿ ಚೌಕಕ್ಕೆ ಅಡ್ಡ ಗೆರೆ ಎಳೆದೆ. ಮೇಲೆ ಬೆಳಗ್ಗೆ ಏಳರಿಂದ ಸಂಜೆ ಏಳರವರೆಗಿನ ನೀರು, ಕೆಳಗೆ ರಾತ್ರಿಯದು. ಅಳೆದು ತುಂಬುವುದು, ಉಳಿದದ್ದನ್ನು ಅಳೆದು ಕಳೆಯುವುದು. ಎರಡು ನಿಮಿಷದ ಕೆಲಸ. ಹಗಲು ರಾತ್ರಿ ಬೇರೆ ಮಾಡಿ ಬರೆದದ್ದು ಸುಮ್ನೆ ಹೊಳೆದದ್ದು. ಕೊನೆಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅದೇ.

ಮೇ ತಿಂಗಳಲ್ಲಿ ಶುರುವಾದದ್ದು ಬೆಳಗ್ಗೆ 30 ಮಿಲಿಗ್ರಾಂನ ಒಂದು ಕ್ಯಾಪ್ಸೂಲ್. ಬಹಳ ಸಲೀಸು. ಬೆಳಗಿನ ಕಾಫಿ ಆದಮೇಲೆ ಅವಳಿಗೆ ಊಟ, ಊಟದ ಜೊತೆ ಗುಳಿಗೆ, ಇನ್ನು ಇಡೀ ದಿನ ನಾವು ಸ್ವತಂತ್ರರು. ಎರಡೇ ವಾರದಲ್ಲಿ ನೀರು ಇಳಿಯಿತು. ಹಗಲು 350 ಮಿಲಿ. ಖುಷಿಯಾಗಿ ಎಲ್ಲರಿಗೂ ಹೇಳಿಕೊಂಡು ಬಂದೆ. ಆದರೆ ಚೌಕದ ಕೆಳಗಿನ ಅರ್ಧ ಬೇರೆಯೇ ಹೇಳುತ್ತಿತ್ತು. ರಾತ್ರಿ 550. ಸಂಜೆ ದೀಪ ಹಚ್ಚುವ ಹೊತ್ತಿಗೆ ತೇಕಲು ಶುರು, ಎರಡು ಗಂಟೆಗೆ ಬಾಗಿಲು ಕೆರೆಯುವುದು, ಬೆಳಗಿನ ಜಾವಕ್ಕೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು. ಹಗಲು ಒಂದು ನಾಯಿ, ರಾತ್ರಿ ಇನ್ನೊಂದು ನಾಯಿ ಸಾಕಿದ ಹಾಗಿತ್ತು.

ಡಾಕ್ಟರು ರಕ್ತ ನೋಡಿ ಗುಳಿಗೆಯನ್ನು 40ಕ್ಕೆ ಏರಿಸಿದರು. ಆಗಲೂ ಒಂದೇ ಹೊತ್ತು. ನಾನು ಹಗಲು-ರಾತ್ರಿಯ ಲೆಕ್ಕವನ್ನು ಅವರಿಗೆ ತೋರಿಸಿರಲಿಲ್ಲ. ಒಟ್ಟು ಎಷ್ಟು ಅಂತ ಕೇಳಿದರು, 900 ಅಂದೆ. ಅಷ್ಟೇ. ತಪ್ಪು ನನ್ನದು.

ಜುಲೈನ ಒಂದು ಬೆಳಗ್ಗೆ. ಹಿಂದಿನ ದಿನದಿಂದ ಮಳೆ ಬಿಟ್ಟಿರಲಿಲ್ಲ, ಕರೆಂಟೂ ಇರಲಿಲ್ಲ. ಚಿನ್ನಿ ತಟ್ಟೆ ಮೂಸಿ ನೋಡಿ ಹೋಗಿ ಮಲಗಿದಳು. ಆಮೇಲೆ ತಿನ್ನುತ್ತಾಳೆ ಅಂತ ನಾನು ಬಾಯಿಗೆ ಗುಳಿಗೆ ತುರುಕಿಬಿಟ್ಟೆ. ಹತ್ತೂವರೆಗೆ ವಾಂತಿ. ಎದ್ದು ನಿಲ್ಲಲು ಹೋದರೆ ಹಿಂಗಾಲು ನಡುಗುತ್ತಿತ್ತು. ಥಂಡಿ ಹಿಡಿದಿದೆ ಅಂದುಕೊಂಡು ಬಚ್ಚಲ ಒಲೆಯ ಹತ್ತಿರ ಗೋಣಿ ಹಾಸಿ ಮಲಗಿಸಿದೆ. ಅರ್ಧ ಗಂಟೆ ಹಾಗೇ ಕಳೆಯಿತು. ನಮ್ಮನೆಯವರು ತೋಟದಿಂದ ಬಂದವರು ನೋಡಿ, "ಮೊದಲು ಫೋನ್ ಮಾಡು" ಎಂದರು. ಡಾಕ್ಟರು ಫೋನಿನಲ್ಲೇ "ಇನ್ನೊಂದು ಗುಳಿಗೆ ಕೊಡಬೇಡಿ, ಈಗಲೇ ಹೊರಡಿ" ಎಂದರು.

ಕಾರ್ಟಿಸಾಲ್ ಜಾಸ್ತಿಯಾದರೆ ಕಾಯಿಲೆ. ತೀರಾ ಇಳಿದರೆ ಅದು ಇನ್ನೂ ಅಪಾಯ. ಊಟ ಬಿಡುವುದು, ವಾಂತಿ, ಭೇದಿ, ಸುಸ್ತು, ನಡುಕ, ಕುಸಿದು ಬೀಳುವುದು, ಇವೆಲ್ಲ ಅದರ ಗುರುತು. ಚಿನ್ನಿಯ ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಅದೃಷ್ಟಕ್ಕೆ ಏರುಪೇರಾಗಿರಲಿಲ್ಲ. ಡ್ರಿಪ್ ಹಾಕಿದರು, ಒಂದು ವಾರ ಗುಳಿಗೆ ನಿಲ್ಲಿಸಿದರು. ಅವತ್ತಿನಿಂದ ನಮ್ಮನೆಯಲ್ಲಿ ಒಂದು ಕಟ್ಟಳೆ. ಮೊದಲು ತಟ್ಟೆ, ಆಮೇಲೆ ಗುಳಿಗೆ. ತಟ್ಟೆ ಮುಟ್ಟದಿದ್ದರೆ ಗುಳಿಗೆಯಿಲ್ಲ, ಫೋನು.

ಆವಾಗ ಕ್ಯಾಲೆಂಡರನ್ನು ಗೋಡೆಯಿಂದ ಕಿತ್ತು ಡಾಕ್ಟರ ಮುಂದೆ ಇಟ್ಟೆ. ಅವರು ಕೆಳಗಿನ ಸಾಲಿನ ಮೇಲೆ ಬೆರಳಾಡಿಸಿ, "ಇದನ್ನು ಮೊದಲೇ ತೋರಿಸಬಾರದಿತ್ತೇನಮ್ಮಾ" ಎಂದರು. ಎಷ್ಟೋ ನಾಯಿಗಳಲ್ಲಿ ಈ ಔಷಧದ ಬಲ 24 ಗಂಟೆ ನಿಲ್ಲುವುದಿಲ್ಲವಂತೆ. ಮಧ್ಯಾಹ್ನಕ್ಕೆ ಅತಿಯಾಗಿ, ರಾತ್ರಿಗೆ ಸಾಲದೆ ಹೋಗುತ್ತಿತ್ತು. ಬೆಳಗ್ಗೆ 10 ಮಿಲಿಗ್ರಾಂ, ರಾತ್ರಿ 10 ಮಿಲಿಗ್ರಾಂ ಎಂದು ಬದಲಾಯಿಸಿದರು.

ಒಟ್ಟು 20. ಮೊದಲಿನ ಅರ್ಧ! ನನಗೆ ನಂಬಿಕೆ ಬರಲಿಲ್ಲ. ಆಗಸ್ಟ್ ಕೊನೆಗೆ ಹಗಲು 300, ರಾತ್ರಿ 280. ರಾತ್ರಿಯಿಡೀ ನಿದ್ದೆ, ಅವಳಿಗೂ ನಮಗೂ. ಕೂದಲು ಬರಲು ಮಾತ್ರ ಡಿಸೆಂಬರ್ ಆಯಿತು. ಅದೂ ಮೊದಲಿನ ಕಂದು ಅಲ್ಲ, ಸ್ವಲ್ಪ ಮಾಸಲು. ಇರಲಿ.

ಎರಡು ಹೊತ್ತಿನ ಪದ್ಧತಿಗೆ ನಾವು ಕೊಟ್ಟ ಬೆಲೆ ಬೇರೆ. ಎರಡು ಕ್ಯಾಪ್ಸೂಲ್ ಅಂದರೆ ದುಡ್ಡು ಸ್ವಲ್ಪ ಜಾಸ್ತಿ. ಅದಕ್ಕಿಂತ ದೊಡ್ಡದು ಕಾಲಿಗೆ ಬೀಳುವ ಹಗ್ಗ. ಬೆಳಗ್ಗೆ ಏಳು, ರಾತ್ರಿ ಏಳು. ಸಾಗರದಲ್ಲಿ ನಾದಿನಿಯ ಮಗಳ ಮದುವೆ, ಸಂಜೆಯ ಆರತಕ್ಷತೆಗೆ ನಿಲ್ಲದೆ ಊಟ ಮುಗಿಸಿಕೊಂಡು ಓಡಿ ಬಂದೆವು. ನಾದಿನಿಗೆ ಇನ್ನೂ ಬೇಜಾರಿದೆ. ಒಬ್ಬರೇ ಇರುವವರಿಗೆ, ದಿನಾ ಕೆಲಸಕ್ಕೆ ಓಡಾಡುವವರಿಗೆ ಒಂದೇ ಹೊತ್ತು ಎಷ್ಟು ಅನುಕೂಲ ಅಂತ ನನಗೆ ಗೊತ್ತು. ಒಂದೇ ಹೊತ್ತಿನಲ್ಲಿ ಚೆನ್ನಾಗಿರುವ ನಾಯಿಗಳೂ ಇವೆ. ಅಂಥವರು ರಾತ್ರಿಯ ನೀರನ್ನು ಒಂದು ವಾರ ಬೇರೆಯಾಗಿ ಅಳೆದು ನೋಡಿ. ಹಗಲಿನಷ್ಟೇ ಇದ್ದರೆ ಬದಲಾಯಿಸಲು ಹೋಗಬೇಡಿ. ಗುಳಿಗೆಯ ಪ್ರಮಾಣ ಮಾತ್ರ ನನ್ನ ಬರಹ ನೋಡಿ ಹಾಕಬೇಡಿ. ಅದು ಒಂಬತ್ತು ಕೆಜಿಯ ಚಿನ್ನಿಗೆ ಅವಳ ರಕ್ತ ನೋಡಿ ಬರೆದದ್ದು.

ಗುಳಿಗೆ ನುಂಗಿಸುವುದರಲ್ಲೂ ನನ್ನದು ಒಂದಿಷ್ಟು ಪ್ರಯೋಗ ಆಗಿದೆ. ಶುರುವಿನಲ್ಲಿ ಕಷ್ಟವೇ ಇರಲಿಲ್ಲ. ಕಲ್ಲು ಕೊಟ್ಟರೂ ನುಂಗುವ ಹಸಿವು. ಔಷಧ ಹಿಡಿದು ಹಸಿವು ಹದಕ್ಕೆ ಬಂತು ನೋಡಿ, ಆಗ ಶುರುವಾಯಿತು ನಾಜೂಕು! ಏಲಕ್ಕಿ ಬಾಳೆಹಣ್ಣಿನಲ್ಲಿ ಇಟ್ಟರೆ ಹಣ್ಣು ಹೊಟ್ಟೆಗೆ, ಕ್ಯಾಪ್ಸೂಲ್ ನೆಲಕ್ಕೆ. ಬಿಸಿ ಕಡುಬಿನಲ್ಲಿ ಅದು ಮೆತ್ತಗಾಗಿ ಅಂಟಿಕೊಂಡಿತು. ಆರಿದ ಕಡುಬು ಪರವಾಗಿಲ್ಲ, ಆದರೆ ದಿನಾ ಕಡುಬು ಮಾಡುವವರು ಯಾರು? ಬೆಣ್ಣೆಯಲ್ಲಿ ಜಾರಿ ಹೋಗುತ್ತದೆ, ಆದರೆ ಜಿಡ್ಡು ಕಮ್ಮಿ ಮಾಡಿ ಎಂದಿದ್ದಾರೆ. ಇಂಥ ನಾಯಿಗಳಿಗೆ ಮೇದೋಜೀರಕದ ಊತ ಬೇಗ ಬರುತ್ತದಂತೆ. ಕೊನೆಗೆ ಗೆದ್ದದ್ದು ಬೇಯಿಸಿದ ಮೊಟ್ಟೆಯ ಬಿಳಿ. ನಮ್ಮನೆಯಲ್ಲಿ ಮೊಟ್ಟೆ ಒಳಗೆ ಬರುವುದಿಲ್ಲ. ಅತ್ತೆ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಹೊರಗಿನ ಬಚ್ಚಲ ಒಲೆಗೆ ಹಳೇ ಒಂದು ಪಾತ್ರೆ ಅವರೇ ಇಟ್ಟು, "ಅದರ ಪಾತ್ರೆ ಅದಕ್ಕೇ ಇರ್ಲಿ" ಎಂದರು. ಈಗ ಎಷ್ಟೋ ದಿನ ಸಿಪ್ಪೆ ಸುಲಿಯುವುದೂ ಅವರೇ. ಅಂದಹಾಗೆ, ಕ್ಯಾಪ್ಸೂಲನ್ನು ಬಿಚ್ಚಿ ಪುಡಿ ಹಾಕಬಾರದು, ಮುಟ್ಟಿದ ಕೈ ತೊಳೆಯಬೇಕು. ಬಸುರಿ ಹೆಂಗಸರು ಅದನ್ನು ಮುಟ್ಟುವುದೇ ಬೇಡ.

ರಕ್ತ ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ಗುಳಿಗೆ ಎಷ್ಟು ಕೆಲಸ ಮಾಡುತ್ತಿದೆ ಅಂತ ನೋಡುವ ಎಸಿಟಿಎಚ್ ಪರೀಕ್ಷೆಯಲ್ಲಿ ಒಂದು ಸಲ ರಕ್ತ, ಒಂದು ಇಂಜೆಕ್ಷನ್, ಒಂದು ಗಂಟೆ ಬಿಟ್ಟು ಮತ್ತೆ ರಕ್ತ. ಗುಳಿಗೆ ಕೊಟ್ಟು 4ರಿಂದ 6 ಗಂಟೆಯೊಳಗೆ ಆಗಬೇಕು. ಗುಳಿಗೆ ಊಟದ ಜೊತೆಯೇ ಕೊಡಬೇಕು. ಒಂದು ಕಡೆ ಫೋನಿನಲ್ಲಿ "ಖಾಲಿ ಹೊಟ್ಟೆಯಲ್ಲಿ ಕರ್ಕೊಂಡು ಬನ್ನಿ" ಎಂದರು. ಹಾಗೇ ಮಾಡಿದೆವು. ಊಟವಿಲ್ಲ, ಹಾಗಾಗಿ ಗುಳಿಗೆಯೂ ಇಲ್ಲ. ಅರವತ್ತು ಕಿಲೋಮೀಟರ್ ಹೋಗಿ ಪರೀಕ್ಷೆ ಮಾಡಿಸದೆ ವಾಪಸ್ ಬಂದೆವು. ಮಂಡಗದ್ದೆ ತಿರುವುಗಳಲ್ಲಿ ಚಿನ್ನಿ ವಾಂತಿ ಮಾಡಿಕೊಂಡದ್ದು ಅದಕ್ಕೆ ಕೊಸರು. ಇನ್ನೊಂದು ದಾರಿ, ಬೆಳಗಿನ ಗುಳಿಗೆಗೆ ಮುಂಚೆ ಒಂದೇ ಸಲ ರಕ್ತ ತೆಗೆದು ಕಾರ್ಟಿಸಾಲ್ ನೋಡುವುದು. ಇಂಜೆಕ್ಷನ್ ಬೇಡ, ಹತ್ತಿರದಲ್ಲೇ ಆಗುತ್ತದೆ. ಆದರೆ ನಾಯಿ ಹೆದರಿದ್ದರೆ ಕಾರ್ಟಿಸಾಲ್ ಏರಿ ಲೆಕ್ಕ ತಪ್ಪುತ್ತದೆ. ಕಾರು ಹತ್ತಿದ ಕೂಡಲೇ ನಡುಗುವ ನಮ್ಮವಳಿಗೆ ಅದು ಆಗಿಬರಲಿಲ್ಲ. ಮೂರು ತಿಂಗಳಿಗೊಮ್ಮೆ ಶಿವಮೊಗ್ಗಕ್ಕೇ ಹೋಗುತ್ತೇವೆ, ಹೊಟ್ಟೆ ತುಂಬಿಸಿಕೊಂಡು.

ಹಳೆಯ ರಾತ್ರಿಗಳ ಬಗ್ಗೆ ಎರಡು ಮಾತು. ಆಗ ಡೈಪರ್ ಹಾಕಿ ನೋಡಿದೆ. ಕುಶಿಂಗ್ಸ್ ನಾಯಿಗಳ ಚರ್ಮ ತೆಳು, ಎರಡೇ ದಿನಕ್ಕೆ ತೊಡೆಸಂದು ಕೆಂಪಾಯಿತು. ಅಂಗಳಕ್ಕೆ ಬಿಡೋಣ ಅಂದರೆ ನಮ್ಮ ಕಡೆ ಚಿರತೆಗೆ ನಾಯಿ ಅಂದರೆ ಪ್ರಾಣ. ಟಾರ್ಚು, ಕೊಡೆ, ಹಗ್ಗ ಹಿಡಿದು ನಾನೇ ಹೋಗುತ್ತಿದ್ದೆ. ಒಳಗೆ ಹಳೇ ಪಂಚೆಯ ನಾಲ್ಕು ಮಡಿಕೆ ಹಾಸಿದ್ದು ಎಲ್ಲಕ್ಕಿಂತ ವಾಸಿ. ಒಂದು ರಾತ್ರಿ ನೀರಿನ ಪಾತ್ರೆಯನ್ನೇ ಎತ್ತಿಟ್ಟಿದ್ದೆ, ಅದು ಮಾಡಬಾರದ ಕೆಲಸ. ಅವಳು ಉಚ್ಚೆ ಹೋಗುವುದು ಕುಡಿದದ್ದಕ್ಕಲ್ಲ, ಉಚ್ಚೆ ಜಾಸ್ತಿ ಹೋಗುವುದರಿಂದಲೇ ಅಷ್ಟು ಕುಡಿಯಬೇಕಾಗುತ್ತದೆ.

ಈಗ ಹೊಸದೊಂದು ಶುರುವಾಗಿದೆ. ಬೆಳಗ್ಗೆ ಏಳುವಾಗ ಮುಂಗಾಲು ಎಳೆಯುತ್ತಾಳೆ. ಇಷ್ಟು ದಿನ ಜಾಸ್ತಿಯಿದ್ದ ಕಾರ್ಟಿಸಾಲೇ ಗಂಟುನೋವನ್ನು ಮುಚ್ಚಿಟ್ಟಿತ್ತಂತೆ, ಅದು ಇಳಿದ ಮೇಲೆ ನೋವು ಹೊರಬಿದ್ದಿದೆ. ನಮ್ಮ ನೋವಿನ ಮಾತ್ರೆ ಯಾವುದನ್ನೂ ಕೊಡಬೇಡಿ ಎಂದಿದ್ದಾರೆ. ಮುಂದಿನ ಪರೀಕ್ಷೆಯ ದಿನ ಅದನ್ನೂ ಕೇಳಬೇಕು.

ಮಳೆಗಾಲಕ್ಕೆ ಮುಂಚೆ ಇನ್ನೊಂದು ಕೆಲಸ ಬಾಕಿ ಇದೆ. ಹೋದ ವರ್ಷ ಸೂರಿನ ನೀರು ಕುಡಿದು ಅವಳು ನನ್ನ ಕ್ಯಾಲೆಂಡರನ್ನು ಎಷ್ಟು ಸಲ ಸುಳ್ಳು ಮಾಡಿದಳೋ. ಈ ಸಲ ಜಗಲಿಗೆ ಒಂದು ಅಡ್ಡ ಗೇಟು ಬೇಕು. ಮರಿಗೆಗಂತೂ ಅತ್ತೆ ಆಗಲೇ ಹಲಗೆ ಮುಚ್ಚಿ, ಮೇಲೊಂದು ಕಲ್ಲು ಹೇರಿದ್ದಾರೆ.